ಶ್ರೋಣಿಯ ಆಳದ ಎಂಡೊಮೆಟ್ರಿಯೋಸಿಸ್: ಶಸ್ತ್ರಚಿಕಿತ್ಸೆ ಮತ್ತು ಅಂಗಾಂಶ ಅಧ್ಯಯನ

ಗರ್ಭಕೋಶದ ಒಳಗೋಡೆಯನ್ನು ಹೊದ್ದುಕೊಂಡು ತಿಂಗಳು ತಿಂಗಳೂ ಬೆಳೆದು, ಗರ್ಭ ನಿಲ್ಲದಿದ್ದಾಗ ಮುಟ್ಟಿನ ರೂಪದಲ್ಲಿ ಕಳಚಿಹೋಗುವ ಪೊರೆಗೆ ಎಂಡೊಮೆಟ್ರಿಯಮ್ ಎಂದು ಹೆಸರು. ಇದನ್ನು ಹೋಲುವ ಅಂಗಾಂಶ ಗರ್ಭಕೋಶದ ಹೊರಗೆ ನೆಲೆಯೂರಿ, ಅಲ್ಲಿಯೂ ಹಾರ್ಮೋನುಗಳ ಏರಿಳಿತಕ್ಕೆ ಓಗೊಡುತ್ತ ಉರಿಯೂತವನ್ನೂ ಕಲೆಗಟ್ಟುವಿಕೆಯನ್ನೂ ಉಂಟುಮಾಡುವ ದೀರ್ಘಕಾಲೀನ ರೋಗವೇ ಎಂಡೊಮೆಟ್ರಿಯೋಸಿಸ್. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಹೆರುವ ವಯಸ್ಸಿನ ಮಹಿಳೆಯರಲ್ಲಿ ಸುಮಾರು ಶೇಕಡಾ 10ರಷ್ಟು, ಎಂದರೆ ಜಗತ್ತಿನಾದ್ಯಂತ 19 ಕೋಟಿಯಷ್ಟು ಮಂದಿ, ಇದರಿಂದ ಬಳಲುತ್ತಾರೆ. ರೋಗಕ್ಕೆ ಮುಖ್ಯವಾಗಿ ಮೂರು ರೂಪಗಳಿವೆ: ಹೊಟ್ಟೆಯೊಳಗಿನ ಅಂಗಗಳನ್ನು ಸುತ್ತುವರಿದ ತೆಳುವಾದ ಉದರಪೊರೆಯ ಮೇಲೆ ಚುಕ್ಕೆಗಳಾಗಿ ಕಾಣುವುದು, ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿದ ಚೀಲವಾಗಿ, ರೂಢಿಯ ಮಾತಿನಲ್ಲಿ ಚಾಕೊಲೇಟ್ ಸಿಸ್ಟ್ ಆಗಿ, ಬೆಳೆಯುವುದು, ಮತ್ತು ಉದರಪೊರೆಯನ್ನು ಭೇದಿಸಿ ಕೆಳಗಿನ ಅಂಗಾಂಶದೊಳಕ್ಕೆ 5 ಮಿಲಿಮೀಟರಿಗಿಂತ ಹೆಚ್ಚು ಆಳಕ್ಕೆ ಇಳಿಯುವುದು. ಈ ಮೂರನೆಯದೇ ಆಳದ ಎಂಡೊಮೆಟ್ರಿಯೋಸಿಸ್. ಸೊಂಟದ ಎಲುಬುಗಳ ನಡುವಿನ ಬಟ್ಟಲಿನಾಕಾರದ ಭಾಗವಾದ ಶ್ರೋಣಿಯಲ್ಲಿ, ಅದರಲ್ಲಿಯೂ ಗರ್ಭಕೋಶದ ಹಿಂಬದಿಯಲ್ಲಿ, ಇದು ಗಟ್ಟಿ ಗಂಟುಗಳಾಗಿ ಕೂರುತ್ತದೆ.

ಗಂಟು ಕೂರುವ ಜಾಗಗಳು ಬಹುಪಾಲು ನಿಶ್ಚಿತ. ಗರ್ಭಕೋಶದ ಕೊರಳನ್ನು ಬೆನ್ನಿನ ತುದಿಯ ತ್ರಿಕಾಸ್ಥಿಗೆ ಕಟ್ಟಿರುವ ಎರಡು ಬಂಧಕಗಳು, ಯೋನಿಯ ಮೇಲ್ತುದಿಯ ಹಿಂಗೋಡೆ, ಗರ್ಭಕೋಶಕ್ಕೂ ಗುದನಾಳಕ್ಕೂ ನಡುವೆ ಇರುವ ಡಗ್ಲಸ್ ಕುಹರವೆಂಬ ತಗ್ಗು, ಗುದನಾಳ ಮತ್ತು ಅದರ ಮೇಲಿನ ದೊಡ್ಡ ಕರುಳಿನ ತಿರುವು, ಮೂತ್ರಕೋಶ, ಮೂತ್ರಪಿಂಡದಿಂದ ಇಳಿದುಬರುವ ಮೂತ್ರನಾಳ ಇವು ಅವುಗಳಲ್ಲಿ ಮುಖ್ಯವಾದವು. ಎಡಬದಿಯ ಬಂಧಕ ಮತ್ತು ಎಡ ಮೂತ್ರನಾಳಗಳಿಗೆ ರೋಗ ತಗುಲುವುದು ಬಲಬದಿಗಿಂತ ಹೆಚ್ಚು. ಗುದನಾಳವು ಮುಂದಕ್ಕೆ ಎಳೆಯಲ್ಪಟ್ಟು ಗರ್ಭಕೋಶದ ಕೊರಳಿನ ಹಿಂಬದಿಗೆ ಅಂಟಿಕೊಂಡಾಗ ಡಗ್ಲಸ್ ಕುಹರ ಪೂರ್ತಿ ಮುಚ್ಚಿಹೋಗುತ್ತದೆ. ಮುಟ್ಟಿನ ದಿನಗಳಲ್ಲಿ ತಡೆಯಲಾಗದ ಹೊಟ್ಟೆನೋವು ಮತ್ತು ಸೊಂಟನೋವು, ಸಂಭೋಗದಲ್ಲಿ ಆಳದ ನೋವು, ಮುಟ್ಟಾದಾಗ ಮಲ ವಿಸರ್ಜಿಸಲು ಕಷ್ಟ, ಮಕ್ಕಳಾಗದಿರುವುದು ಇವು ಇದರ ಲಕ್ಷಣಗಳು. ಮೂತ್ರನಾಳವನ್ನು ಗಂಟು ಹಿಸುಕಿದಾಗ ಮಾತ್ರ ಎಷ್ಟೋ ವೇಳೆ ಯಾವ ಲಕ್ಷಣವೂ ಇರುವುದಿಲ್ಲ. ಮೂತ್ರಪಿಂಡ ಸದ್ದಿಲ್ಲದೆ ಊದಿಕೊಂಡು ಕೊನೆಗೆ ಕೆಲಸವನ್ನೇ ನಿಲ್ಲಿಸುತ್ತದೆ. ಆದ್ದರಿಂದ ಆಳದ ರೋಗದ ಸಂಶಯ ಬಂದ ಪ್ರತಿ ಮಹಿಳೆಯಲ್ಲಿಯೂ ಎರಡು ಮೂತ್ರಪಿಂಡಗಳ ಸ್ಕ್ಯಾನಿಂಗ್ ಮಾಡಿಸಬೇಕೆಂಬುದು ಇಂದು ಸರ್ವಸಮ್ಮತ.

ವಿಯೆನ್ನಾದ ರೋಗಶಾಸ್ತ್ರಜ್ಞ ಕಾರ್ಲ್ ವಾನ್ ರೊಕಿಟಾನ್‌ಸ್ಕಿ 1860ರಲ್ಲಿ ಇಂಥ ಅಂಗಾಂಶವನ್ನು ವರ್ಣಿಸಿದ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ಥಾಮಸ್ ಕಲೆನ್ ಗುದನಾಳಕ್ಕೂ ಯೋನಿಗೂ ನಡುವೆ ಬೆಳೆಯುವ ಗಂಟುಗಳನ್ನು ಅಡಿನೋಮಯೋಮ, ಎಂದರೆ ಗ್ರಂಥಿ ಮತ್ತು ಸ್ನಾಯು ಬೆರೆತ ಗಡ್ಡೆ, ಎಂದು ಹೆಸರಿಸಿದ. ಅಮೆರಿಕದ ಆಲ್ಬನಿ ನಗರದ ಜಾನ್ ಸ್ಯಾಂಪ್ಸನ್ 1921ರಲ್ಲಿ ಅಂಡಾಶಯದ ಚಾಕೊಲೇಟ್ ಸಿಸ್ಟನ್ನು ವಿವರಿಸಿದ್ದಲ್ಲದೆ, ಮುಟ್ಟಿನ ರಕ್ತ ಅಂಡನಾಳಗಳ ಮೂಲಕ ಹಿಮ್ಮುಖವಾಗಿ ಹರಿದು ಹೊಟ್ಟೆಯೊಳಗೆ ಬಿದ್ದು ಬೇರೂರುವುದರಿಂದ ಈ ರೋಗ ಬರುತ್ತದೆಂದು 1927ರಲ್ಲಿ ವಾದಿಸಿದ. ಮುಟ್ಟಿನ ಹಿಮ್ಮುಖ ಹರಿವು ಬಹುಪಾಲು ಹೆಣ್ಣುಮಕ್ಕಳಲ್ಲಿ ಆಗುವುದಾದರೂ ರೋಗ ಬರುವುದು ಕೆಲವರಿಗೆ ಮಾತ್ರವಾದ್ದರಿಂದ ಸ್ಯಾಂಪ್ಸನ್ನನ ವಾದ ಅರ್ಧ ಉತ್ತರವಷ್ಟೇ ಆಗಿ ಉಳಿಯಿತು. ಆಳದ ರೋಗವನ್ನು ಬೇರೆಯಾಗಿಯೇ ನೋಡಬೇಕೆಂಬ ವಿಚಾರ ಗಟ್ಟಿಯಾದದ್ದು 1990ರಲ್ಲಿ. ಬೆಲ್ಜಿಯಮ್ಮಿನ ಲೂವೆನ್ ವಿಶ್ವವಿದ್ಯಾಲಯದ ಕೊರ್ನಿಲಿ, ಕೊನಿಂಕ್ಸ್ ಮತ್ತು ಸಂಗಡಿಗರು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಂಟುಗಳನ್ನು ಸೂಕ್ಷ್ಮದರ್ಶಕದಲ್ಲಿ ಅಳೆದು, 5 ಮಿಲಿಮೀಟರಿಗಿಂತ ಕೆಳಗೆ ಇಳಿದ ರೋಗ ಹೆಚ್ಚು ಚಟುವಟಿಕೆಯಿಂದ ಕೂಡಿರುವುದನ್ನೂ ನೋವಿನೊಡನೆ ಹೆಚ್ಚು ಹೊಂದಿಕೊಂಡಿರುವುದನ್ನೂ ತೋರಿಸಿದರು. 1997ರಲ್ಲಿ ಅದೇ ದೇಶದ ನಿಸೋಲ್ ಮತ್ತು ಡೊನೆ ಮೂರು ರೂಪಗಳೂ ಮೂರು ಬೇರೆ ಬೇರೆ ರೋಗಗಳೆಂದೇ ವಾದಿಸಿದರು. ಇಂದು ಶಸ್ತ್ರವೈದ್ಯರು ದಿನವೂ ಬಳಸುವ 5 ಮಿಲಿಮೀಟರಿನ ಅಳತೆ ಹುಟ್ಟಿದ್ದು ಹೀಗೆ ಪೆಥಾಲಜಿ ಪ್ರಯೋಗಾಲಯದ ಮೇಜಿನ ಮೇಲೆ.

ರೋಗ ಹಿಡಿಯುವುದಕ್ಕೆ ಮೊದಲ ಸಾಧನ ವೈದ್ಯರ ಬೆರಳು. ಯೋನಿಯ ಹಿಂಗೋಡೆಯ ಮೇಲ್ತುದಿಯನ್ನು ಒತ್ತಿ ನೋಡಿದಾಗ ಸಿಗುವ, ಮುಟ್ಟಿದರೆ ಮಹಿಳೆ ನೋವಿನಿಂದ ಸೆಟೆದುಕೊಳ್ಳುವ ಗಟ್ಟಿ ಗಂಟಿಗಿಂತ ಸ್ಪಷ್ಟವಾದ ಸುಳಿವು ಇನ್ನೊಂದಿಲ್ಲ. ಯೋನಿಯ ಮೂಲಕ ಮಾಡುವ ಅಲ್ಟ್ರಾಸೌಂಡಿನಲ್ಲಿ ಗುದನಾಳವು ಗರ್ಭಕೋಶದ ಹಿಂಬದಿಯ ಮೇಲೆ ಸರಾಗವಾಗಿ ಜಾರುತ್ತದೆಯೇ ಎಂದು ನೋಡುತ್ತಾರೆ. ಜಾರದಿದ್ದರೆ ಡಗ್ಲಸ್ ಕುಹರ ಮುಚ್ಚಿದೆ ಎಂದರ್ಥ. ಎಂಆರ್‌ಐ ಇದಕ್ಕೆ ಪೂರಕ. ಕರುಳಿನ ಒಳಗಿಂದ ನೋಡುವ ಕೊಲೊನೊಸ್ಕೋಪಿ ಮಾತ್ರ ಸಾಮಾನ್ಯವಾಗಿ ಏನನ್ನೂ ತೋರಿಸುವುದಿಲ್ಲ, ಏಕೆಂದರೆ ರೋಗ ಹೊರಗಿನಿಂದ ಒಳಕ್ಕೆ ಬರುತ್ತದೆ ಮತ್ತು ಕರುಳಿನ ಒಳಪದರವನ್ನು ಅದು ಮುಟ್ಟುವುದು ಅಪರೂಪ. ಯುರೋಪಿನ ಎಸ್‌ರೆ ಎಂಬ ಸಂತಾನೋತ್ಪತ್ತಿ ತಜ್ಞರ ಸಂಘಟನೆ 2022ರಲ್ಲಿ ಪ್ರಕಟಿಸಿದ ಮಾರ್ಗಸೂಚಿ, ರೋಗ ಖಚಿತಪಡಿಸುವುದಕ್ಕೆಂದೇ ಎಲ್ಲರಿಗೂ ಲ್ಯಾಪರೊಸ್ಕೋಪಿ, ಎಂದರೆ ಸಣ್ಣ ರಂಧ್ರದ ಮೂಲಕ ಹೊಟ್ಟೆಯೊಳಕ್ಕೆ ಕ್ಯಾಮೆರಾ ಇಳಿಸಿ ನೋಡುವ ಶಸ್ತ್ರಚಿಕಿತ್ಸೆ, ಮಾಡುವ ಹಳೆಯ ಪದ್ಧತಿಯನ್ನು ಕೈಬಿಟ್ಟಿತು. ಗಂಟುಗಳ ಜಾಗ ಮತ್ತು ಗಾತ್ರವನ್ನು ಬರೆದಿಡಲು ಜರ್ಮನ್ ಭಾಷಿಕ ದೇಶಗಳಲ್ಲಿ 2005ರಲ್ಲಿ ಹುಟ್ಟಿದ ಎನ್‌ಜಿಯಾನ್ ವರ್ಗೀಕರಣ 2021ರಲ್ಲಿ ಪರಿಷ್ಕಾರಗೊಂಡು ಈಗ ಬಳಕೆಯಲ್ಲಿದೆ.

ಗಂಟು ಇದೆ ಎಂದ ಮಾತ್ರಕ್ಕೆ ಚಾಕು ಹಿಡಿಯಬೇಕಾಗಿಲ್ಲ. ಡೈನೊಜೆಸ್ಟ್ ಮಾತ್ರೆ, ಹಾರ್ಮೋನು ಬಿಡುಗಡೆ ಮಾಡುವ ಗರ್ಭಕೋಶದ ಸಾಧನ ಮೊದಲಾದವು ಅನೇಕರಲ್ಲಿ ನೋವನ್ನು ಹತೋಟಿಯಲ್ಲಿಡುತ್ತವೆ. ಔಷಧಿಗೆ ಬಗ್ಗದ ನೋವು, ಮೂತ್ರನಾಳದ ಅಡಚಣೆ, ಕರುಳು ಕಟ್ಟಿಕೊಳ್ಳುವಷ್ಟು ಕಿರಿದಾಗುವುದು ಇವು ಶಸ್ತ್ರಚಿಕಿತ್ಸೆಗೆ ಗಟ್ಟಿಯಾದ ಕಾರಣಗಳು. ಮಕ್ಕಳಾಗಲೆಂಬ ಒಂದೇ ಉದ್ದೇಶದಿಂದ ಆಳದ ಗಂಟನ್ನು ತೆಗೆಯಬೇಕೇ, ನೇರವಾಗಿ ಪ್ರನಾಳ ಶಿಶು ವಿಧಾನಕ್ಕೆ ಹೋಗಬೇಕೇ ಎಂಬ ಪ್ರಶ್ನೆಗೆ ತಜ್ಞರಲ್ಲಿ ಒಮ್ಮತವಿಲ್ಲ. ಹಿಂದೆ ಹೊಟ್ಟೆಯನ್ನು ಉದ್ದಕ್ಕೆ ಕೊಯ್ದು ಮಾಡುತ್ತಿದ್ದ ಈ ಶಸ್ತ್ರಚಿಕಿತ್ಸೆ ಜರ್ಮನಿಯ ಕೀಲ್ ನಗರದ ಕುರ್ಟ್ ಜೆಮ್, ಅಮೆರಿಕದ ಹ್ಯಾರಿ ರೈಕ್ ಮೊದಲಾದವರ ಕೈಯಲ್ಲಿ 1980ರ ಮತ್ತು 1990ರ ದಶಕಗಳಲ್ಲಿ ಲ್ಯಾಪರೊಸ್ಕೋಪಿಯ ಕಡೆಗೆ ಹೊರಳಿತು. ದೊಡ್ಡದಾಗಿ ತೋರುವ ಪರದೆಯ ಮೇಲೆ ಶ್ರೋಣಿಯ ಆಳದ ಮೂಲೆಗಳು ಕಾಣುವಷ್ಟು ಸ್ಪಷ್ಟವಾಗಿ ತೆರೆದ ಹೊಟ್ಟೆಯಲ್ಲಿಯೂ ಕಾಣುವುದಿಲ್ಲವಾದ್ದರಿಂದ, ಈ ರೋಗದ ಮಟ್ಟಿಗೆ ಲ್ಯಾಪರೊಸ್ಕೋಪಿ ಹೆಚ್ಚು ನಿಖರವಾದ ದಾರಿಯೇ ಹೊರತು ಬರೀ ಸಣ್ಣ ಗಾಯದ ಅನುಕೂಲವಲ್ಲ.

ಪೂರ್ಣ ಅರಿವಳಿಕೆಯಲ್ಲಿ ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ತುಂಬಿ, ಹೊಕ್ಕುಳಿನ ಮೂಲಕ ಕ್ಯಾಮೆರಾ ಇಳಿಸಿ, ಕರುಳುಗಳು ಮೇಲಕ್ಕೆ ಸರಿಯುವಂತೆ ಮೇಜಿನ ತಲೆಭಾಗವನ್ನು ತಗ್ಗಿಸುತ್ತಾರೆ. ಅನುಭವಿ ಶಸ್ತ್ರವೈದ್ಯರು ಗಂಟಿಗೆ ನೇರವಾಗಿ ಕೈ ಹಾಕುವುದಿಲ್ಲ. ರೋಗವಿಲ್ಲದ ಜಾಗದಿಂದ ಹೊರಟು ರೋಗವಿರುವ ಕಡೆಗೆ ಬರುವುದು ಈ ಕೆಲಸದ ಮೊದಲ ನಿಯಮ. ಸೊಂಟದ ಎಲುಬಿನ ಅಂಚಿನಲ್ಲಿ ಮೂತ್ರನಾಳವನ್ನು ಗುರುತಿಸಿ, ಹುಳುವಿನಂತೆ ಅದು ಸಂಕುಚಿಸುವುದನ್ನು ಕಣ್ಣಾರೆ ಕಂಡು, ಅಲ್ಲಿಂದ ಕೆಳಕ್ಕೆ ಅಂಗುಲ ಅಂಗುಲವಾಗಿ ಬಿಡಿಸುತ್ತ ಬರುತ್ತಾರೆ. ಬಳಿಕ ಗುದನಾಳದ ಎರಡೂ ಬದಿಯ ಕೊಬ್ಬು ತುಂಬಿದ ಎಡೆಗಳನ್ನು ತೆರೆಯುತ್ತಾರೆ. ಮೂತ್ರಕೋಶಕ್ಕೂ ಗುದನಾಳಕ್ಕೂ ಸಂದೇಶ ಒಯ್ಯುವ ನರಗಳ ಜಾಲ ಇರುವುದು ಇಲ್ಲಿಯೇ. ಇದನ್ನು ಎರಡೂ ಬದಿಯಲ್ಲಿ ಕತ್ತರಿಸಿದರೆ ಮಹಿಳೆಗೆ ಮೂತ್ರ ತಾನಾಗಿ ಹೋಗುವುದು ನಿಂತು, ತಿಂಗಳುಗಟ್ಟಲೆ, ಕೆಲವೊಮ್ಮೆ ಜೀವನಪೂರ್ತಿ, ತನ್ನ ಕೈಯಿಂದಲೇ ನಳಿಕೆ ಹಾಕಿಕೊಳ್ಳಬೇಕಾದ ಸ್ಥಿತಿ ಬರಬಹುದು. ನೋವಿಗೆಂದು ಮಾಡಿದ ಚಿಕಿತ್ಸೆ ಇಂಥ ಊನವನ್ನು ತಂದಿಟ್ಟರೆ ಅದನ್ನು ಯಶಸ್ಸೆನ್ನಲಾಗದು. ನರಗಳನ್ನು ಉಳಿಸಿಕೊಂಡು ಗಂಟನ್ನು ತೆಗೆಯುವ ವಿಧಾನ ಬೆಳೆದದ್ದು ಈ ಕಾರಣಕ್ಕೆ.

ಕರುಳಿಗೆ ಅಂಟಿದ ಗಂಟನ್ನು ತೆಗೆಯಲು ಮೂರು ಮಾರ್ಗಗಳಿವೆ. ಕರುಳನ್ನು ತೆರೆಯದೆ ಗಂಟನ್ನು ಅದರ ಗೋಡೆಯ ಮೇಲಿಂದ ಪದರ ಪದರವಾಗಿ ಹೆರೆದು ತೆಗೆಯುವುದು ಮೊದಲನೆಯದು. ಗಂಟಿರುವಷ್ಟು ಗೋಡೆಯನ್ನು ಬಿಲ್ಲೆಯ ಆಕಾರದಲ್ಲಿ ಕತ್ತರಿಸಿ ಹೊಲಿಯುವುದು ಎರಡನೆಯದು. ಸುಮಾರು 3 ಸೆಂಟಿಮೀಟರ್ ಮೀರದ ಒಂಟಿ ಗಂಟಿಗೆ ಇದು ಹೊಂದುತ್ತದೆ. ಕರುಳಿನ ಒಂದು ತುಂಡನ್ನೇ ತೆಗೆದು ಎರಡು ತುದಿಗಳನ್ನು ಸ್ಟೇಪ್ಲರಿನಿಂದ ಕೂಡಿಸುವುದು ಮೂರನೆಯದು. ಕೂಡಿಕೆ ಸೋರುವುದು, ಗುದನಾಳಕ್ಕೂ ಯೋನಿಗೂ ನಡುವೆ ರಂಧ್ರವಾಗಿ ಮಲ ಯೋನಿಯಲ್ಲಿ ಬರುವುದು, ದಿನಕ್ಕೆ ಹಲವು ಬಾರಿ ತಡೆಯಲಾಗದಂತೆ ಶೌಚಕ್ಕೆ ಓಡಬೇಕಾಗುವುದು ಇವು ಕರುಳಿನ ಶಸ್ತ್ರಚಿಕಿತ್ಸೆಯ ಅಪಾಯಗಳು. ಕೂಡಿಕೆ ಗುದದ್ವಾರಕ್ಕೆ ಹತ್ತಿರವಾದಷ್ಟೂ ಅಪಾಯ ಹೆಚ್ಚು. ಆಗ ಕೆಲವು ವಾರಗಳ ಮಟ್ಟಿಗೆ ಸಣ್ಣ ಕರುಳನ್ನು ಹೊಟ್ಟೆಯ ಮೇಲೆ ತಂದು ಚೀಲ ಕಟ್ಟುವುದೂ ಉಂಟು. ಫ್ರಾನ್ಸಿನಲ್ಲಿ 60 ಮಹಿಳೆಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹೆರೆಯುವ ಅಥವಾ ಬಿಲ್ಲೆ ತೆಗೆಯುವ, ಇನ್ನೊಂದಕ್ಕೆ ಕರುಳಿನ ತುಂಡು ತೆಗೆಯುವ ಚಿಕಿತ್ಸೆ ನೀಡಿದ ಎಂಡೋರ್ ಎಂಬ ಪ್ರಯೋಗದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು; ಕರುಳಿನ ಕಾರ್ಯದಲ್ಲಿ ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಪ್ರಯೋಗ ಚಿಕ್ಕದಾದರೂ, ಕಡಿಮೆ ಕತ್ತರಿಸಿದರೆ ಸಾಲುವಲ್ಲಿ ಹೆಚ್ಚು ಕತ್ತರಿಸಬಾರದೆಂಬ ಪಕ್ಷವೇ ಇಂದು ಬಲವಾಗಿದೆ. ಕೆಲಸ ಮುಗಿದ ಮೇಲೆ ಶ್ರೋಣಿಗೆ ಉಪ್ಪುನೀರು ತುಂಬಿ ಗುದದ್ವಾರದ ಮೂಲಕ ಗಾಳಿ ಊದಿ ಗುಳ್ಳೆ ಬರುತ್ತದೆಯೇ ಎಂದು ನೋಡುತ್ತಾರೆ. ಸೈಕಲ್ ಷಾಪಿನವನು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ ಪಂಕ್ಚರ್ ಹುಡುಕುವ ಉಪಾಯವೇ ಇದು.

ತೆಗೆದ ಗಂಟು ಫಾರ್ಮಲಿನ್ ದ್ರಾವಣದ ಡಬ್ಬಿಯಲ್ಲಿ ಪೆಥಾಲಜಿ ವಿಭಾಗಕ್ಕೆ ಹೋಗುತ್ತದೆ. ಅದನ್ನು ಕತ್ತರಿಸುವಾಗ ಚಾಕು ಮಾಂಸದ ಮೇಲೆ ಓಡುವಂತೆ ಓಡದೆ ತಡೆದು ತಡೆದು ಸಾಗುತ್ತದೆ. ಕತ್ತರಿಸಿದ ಮುಖ ಬಿಳಿಬೂದು ಬಣ್ಣದ ನಾರಿನ ಸುಳಿಗಳಿಂದ ಕೂಡಿದ್ದು, ನಡುವೆ ಅಲ್ಲಲ್ಲಿ ತುಕ್ಕಿನ ಬಣ್ಣದ ಚುಕ್ಕೆಗಳು ಕಾಣುತ್ತವೆ. ಅಡಿಕೆ ಬೆಳೆಯುವ ದಾವಣಗೆರೆ ಜಿಲ್ಲೆಯ ಚನ್ನಗಿರಿಯ ಕಡೆಯವರಿಗೆ ಇದನ್ನು ಹೇಳಬೇಕಾದರೆ ಅಡಕತ್ತರಿಯಲ್ಲಿ ಹೋಳು ಮಾಡಿದ ಅಡಿಕೆಯ ಮುಖವನ್ನು ನೆನಪಿಸಿದರೆ ಸಾಕು. ಕರುಳಿನ ತುಂಡಾದರೆ ಅದರ ಉದ್ದ, ಗಂಟಿನ ಅಳತೆ, ಗಂಟಿನಿಂದ ಎರಡು ಅಂಚುಗಳಿಗಿರುವ ದೂರವನ್ನು ಬರೆದುಕೊಂಡು, ಅಂಚುಗಳಿಗೆ ಬಣ್ಣ ಬಳಿದು, ತೆಳು ಹೋಳುಗಳನ್ನು ಮೇಣದಲ್ಲಿ ಕೂರಿಸುತ್ತಾರೆ. ಮೇಣದ ಈ ಅಚ್ಚಿನಿಂದ ಮಿಲಿಮೀಟರಿನ ಸಾವಿರದಲ್ಲಿ ಮೂರು ನಾಲ್ಕು ಭಾಗದಷ್ಟು ತೆಳುವಾದ ಪದರವನ್ನು ಹೆರೆದು ಗಾಜಿನ ಸ್ಲೈಡಿನ ಮೇಲೆ ಹರಡಿ, ಹಿಮಟಾಕ್ಸಿಲಿನ್ ಮತ್ತು ಇಯೋಸಿನ್ ಬಣ್ಣ ಹಾಕಿ ನೋಡುತ್ತಾರೆ. ರೋಗನಿರ್ಣಯಕ್ಕೆ ಹುಡುಕುವುದು ಎಂಡೊಮೆಟ್ರಿಯಮ್ಮಿನ ಗ್ರಂಥಿಗಳನ್ನು, ಅವುಗಳ ಸುತ್ತಲಿನ ಸ್ಟ್ರೋಮಾ ಎಂಬ ಆಸರೆಯ ಅಂಗಾಂಶವನ್ನು, ಮತ್ತು ಹಳೆಯ ರಕ್ತಸ್ರಾವದ ಕಬ್ಬಿಣದಂಶವನ್ನು ನುಂಗಿಕೊಂಡ ಕೋಶಗಳನ್ನು. ಮೊದಲ ಎರಡೂ ಒಟ್ಟಿಗೆ ಸಿಕ್ಕರೆ ಸಂಶಯ ಉಳಿಯುವುದಿಲ್ಲ.

ಆದರೆ ಆಳದ ಗಂಟಿನ ಸ್ಲೈಡಿನಲ್ಲಿ ಕಣ್ಣಿಗೆ ರಾಚುವುದು ಇವು ಯಾವುವೂ ಅಲ್ಲ. ಗಂಟಿನ ಬಹುಭಾಗ ನಾರುಗಟ್ಟಿದ ಕಲೆ ಮತ್ತು ಅನೈಚ್ಛಿಕ ಸ್ನಾಯುವಿನ ಕಟ್ಟುಗಳು. ಗ್ರಂಥಿಗಳು ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ದ್ವೀಪಗಳಂತೆ ಇರುತ್ತವೆ. ಕಲೆನ್ ಇದನ್ನು ಅಡಿನೋಮಯೋಮ ಎಂದದ್ದು ಅರ್ಥವಿಲ್ಲದ ಮಾತಾಗಿರಲಿಲ್ಲ. ಪ್ರತಿ ತಿಂಗಳೂ ಒಳಗೊಳಗೇ ಸಣ್ಣದಾಗಿ ರಕ್ತ ಒಸರಿ, ಗಾಯವಾಗಿ, ಮಾಗಿ, ಮತ್ತೆ ಗಾಯವಾಗುವ ಸರಣಿಯಲ್ಲಿ ಸುತ್ತಲಿನ ಅಂಗಾಂಶ ನಾರಾಗಿ ಸ್ನಾಯುವಾಗಿ ಮಾರ್ಪಡುತ್ತದೆಂಬುದು ಈಗಿನ ವಿವರಣೆ. ಹಾರ್ಮೋನು ಮಾತ್ರೆ ಗ್ರಂಥಿಯನ್ನು ಬಾಡಿಸಬಲ್ಲದು, ಕಟ್ಟಿಕೊಂಡ ಕಲೆಯನ್ನು ಕರಗಿಸಲಾರದು. ಮಾತ್ರೆ ನುಂಗುತ್ತಿರುವವರೆಗೆ ನೋವು ತಗ್ಗಿದ್ದರೂ ಮೂತ್ರನಾಳದ ಬಿಗಿತ ಹಾಗೆಯೇ ಉಳಿಯುವುದು ಇದರಿಂದ. ಗಂಟು ನರಗಳ ಜಾಡು ಹಿಡಿದು ಹರಡುವುದೂ, ನರತಂತುಗಳನ್ನು ಸುತ್ತುವರಿದು ನಿಲ್ಲುವುದೂ ಸ್ಲೈಡಿನಲ್ಲಿ ಕಾಣುತ್ತದೆ. ಗಂಟಿನ ಗಾತ್ರಕ್ಕೆ ಮೀರಿದ ನೋವಿನ ಕಾರಣ ಇಲ್ಲಿ ಭಾಗಶಃ ಸಿಗುತ್ತದೆ.

ಅನುಮಾನದ ಸಂದರ್ಭಗಳಲ್ಲಿ ವಿಶೇಷ ಬಣ್ಣಗಳ ನೆರವು ಬೇಕು. ಗ್ರಂಥಿ ಸಿಗದೆ ಸ್ಟ್ರೋಮಾದ ಸಣ್ಣ ತುಣುಕಷ್ಟೇ ಇದ್ದಾಗ ಸಿಡಿ10 ಎಂಬ ಪ್ರೋಟೀನನ್ನು ಗುರುತಿಸುವ ಪ್ರತಿಕಾಯದ ಬಣ್ಣ ಅದನ್ನು ಎತ್ತಿ ತೋರಿಸುತ್ತದೆ. ಕರುಳಿನ ಗೋಡೆಯಲ್ಲಿ ಕಂಡ ಗ್ರಂಥಿಗಳು ಕರುಳಿನ ಕ್ಯಾನ್ಸರಿನವೇ ಎಂಬ ಭಯ ಬಂದಾಗ ಕೆರಾಟಿನ್ 7 ಮತ್ತು ಈಸ್ಟ್ರೊಜನ್ ಗ್ರಾಹಕಗಳಿಗೆ ಬಣ್ಣ ಹಿಡಿದು ಕೆರಾಟಿನ್ 20ಕ್ಕೆ ಹಿಡಿಯದಿದ್ದರೆ ಎಂಡೊಮೆಟ್ರಿಯೋಸಿಸ್ ಎಂದು ನೆಮ್ಮದಿಯಾಗಿ ಹೇಳಬಹುದು. ಪ್ರೊಜೆಸ್ಟರಾನ್ ವರ್ಗದ ಔಷಧಿ ತೆಗೆದುಕೊಂಡವರಲ್ಲಿ ಗ್ರಂಥಿ ಬತ್ತಿ, ಸ್ಟ್ರೋಮಾದ ಕೋಶಗಳು ಬಸುರಿಯಲ್ಲಿರುವಂತೆ ಊದಿಕೊಂಡಿರುತ್ತವೆ; ಔಷಧಿಯ ವಿಷಯ ತಿಳಿಯದ ಪೆಥಾಲಜಿಸ್ಟ್ ದಾರಿ ತಪ್ಪುವುದು ಸುಲಭ. 2017ರಲ್ಲಿ ಪ್ರಕಟವಾದ ಆಂಗ್ಲೆಸಿಯೊ ಮತ್ತು ಸಂಗಡಿಗರ ಅಧ್ಯಯನ ಕ್ಯಾನ್ಸರ್ ಇಲ್ಲದ 24 ಮಹಿಳೆಯರ ಆಳದ ಗಂಟುಗಳ ವಂಶವಾಹಿಗಳನ್ನು ಓದಿ, 19 ಮಂದಿಯಲ್ಲಿ ದೇಹಕೋಶಗಳ ಮಟ್ಟದ ರೂಪಾಂತರಗಳನ್ನೂ, 5 ಮಂದಿಯಲ್ಲಿ ಕೆರಾಸ್‌ನಂತಹ ಕ್ಯಾನ್ಸರಿಗೆ ಸಂಬಂಧಿಸಿದ ವಂಶವಾಹಿಗಳಲ್ಲಿಯೇ ರೂಪಾಂತರವನ್ನೂ ಕಂಡಿತು. ಹೀಗಿದ್ದೂ ಆಳದ ಗಂಟು ಕ್ಯಾನ್ಸರಾಗುವುದು ತೀರಾ ವಿರಳ. ಕ್ಯಾನ್ಸರಲ್ಲದ್ದು ಕ್ಯಾನ್ಸರಿನಂತೆ ಅಂಗದೊಳಕ್ಕೆ ನುಗ್ಗುವುದರ ಗುಟ್ಟು ಈ ರೂಪಾಂತರಗಳಲ್ಲಿರಬಹುದೆಂಬ ಊಹೆ ಸಂಶೋಧಕರದು.

ನಮ್ಮ ದೇಶದ ಪೆಥಾಲಜಿಸ್ಟರಿಗೆ ಪಾಶ್ಚಾತ್ಯ ಪಠ್ಯಗಳು ಅಷ್ಟಾಗಿ ಒತ್ತಿ ಹೇಳದ ಇನ್ನೊಂದು ಹೊಣೆಯಿದೆ, ಅದು ಕ್ಷಯ. ಹೆಣ್ಣಿನ ಜನನಾಂಗಗಳ ಕ್ಷಯದಲ್ಲಿಯೂ ಹೊಟ್ಟೆನೋವು, ಬಂಜೆತನ, ಒಂದಕ್ಕೊಂದು ಅಂಟಿ ಹೆಪ್ಪುಗಟ್ಟಿದಂತಾದ ಶ್ರೋಣಿ ಎಲ್ಲವೂ ಇರುತ್ತವೆ. ಸಿಎ-125 ಎಂಬ ರಕ್ತಪರೀಕ್ಷೆಯ ಪ್ರಮಾಣ ಎರಡರಲ್ಲಿಯೂ ಏರಬಹುದು. ಲ್ಯಾಪರೊಸ್ಕೋಪಿಯಲ್ಲಿ ಕಂಡದ್ದನ್ನು ನಂಬಿ ಹಾರ್ಮೋನು ಕೊಡುತ್ತ ಹೋದರೆ ಕ್ಷಯ ಒಳಗೇ ಬೆಳೆಯುತ್ತದೆ. ಸ್ಲೈಡಿನಲ್ಲಿ ಗ್ರಾನ್ಯುಲೋಮ ಎಂಬ ಕೋಶಗಳ ಗುಂಪು, ಅದರ ನಡುವೆ ಗಿಣ್ಣಿನಂತೆ ಸತ್ತ ಅಂಗಾಂಶ ಕಂಡರೆ ದಾರಿ ಬೇರೆಯಾಗುತ್ತದೆ. ತೆಗೆದ ಅಂಗಾಂಶವನ್ನು ಬಿಸಾಡದೆ ಪರೀಕ್ಷೆಗೆ ಕಳಿಸಬೇಕೆನ್ನುವುದಕ್ಕೆ ಇದೊಂದೇ ಕಾರಣ ಸಾಕು.

ಉದಾಹರಣೆಗೆ ಕರ್ನಾಟಕದ ದಾವಣಗೆರೆ ಜಿಲ್ಲೆಯನ್ನು ಎತ್ತಿಕೊಂಡರೆ ಈ ಚಿಕಿತ್ಸೆ ಹಳ್ಳಿಯವರಿಗೆ ಎಷ್ಟು ಹತ್ತಿರ, ಎಷ್ಟು ದೂರ ಎಂಬುದು ತಿಳಿಯುತ್ತದೆ. ದಾವಣಗೆರೆ ನಗರದಲ್ಲಿ 1965ರಿಂದ ಜಗದ್ಗುರು ಜಯದೇವ ಮುರುಘರಾಜೇಂದ್ರ ವೈದ್ಯಕೀಯ ಕಾಲೇಜು, ಅದಕ್ಕೆ ಹೊಂದಿಕೊಂಡ ಬಾಪೂಜಿ ಮತ್ತು ಚಿಗಟೇರಿ ಆಸ್ಪತ್ರೆಗಳು, 2006ರಿಂದ ಎಸ್.ಎಸ್. ವೈದ್ಯಕೀಯ ವಿಜ್ಞಾನ ಸಂಸ್ಥೆ ಇವೆ. ಇಷ್ಟಿದ್ದರೂ ತಾಲ್ಲೂಕಿನ ಹೆಣ್ಣುಮಕ್ಕಳ ಕಥೆ ಆರಂಭವಾಗುವುದು ಬೇರೆಡೆ. ಸಂತ ಸೇವಾಲಾಲರ ಹುಟ್ಟೂರೆಂದು ಪ್ರತಿ ಫೆಬ್ರುವರಿಯಲ್ಲಿ ನಾಡಿನೆಲ್ಲೆಡೆಯ ಲಂಬಾಣಿಗರು ಜಾತ್ರೆಗೆ ಬಂದು ಸೇರುವ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದ ಸುತ್ತಿನ ತಾಂಡಾಗಳಲ್ಲಾಗಲಿ, ಗುಳೆ ಹೋಗುವ ಜಗಳೂರಿನ ಬಯಲುಸೀಮೆಯ ಹಳ್ಳಿಗಳಲ್ಲಾಗಲಿ, ಮುಟ್ಟಿನ ನೋವು ಹೇಳಿಕೊಳ್ಳುವ ಸಂಗತಿಯಲ್ಲ. ಮದುವೆಯಾದರೆ ಸರಿಹೋಗುತ್ತದೆ, ಒಂದು ಹೆರಿಗೆಯಾದರೆ ಸರಿಹೋಗುತ್ತದೆ ಎಂಬ ಮಾತುಗಳ ನಡುವೆ ವರ್ಷಗಳು ಉರುಳುತ್ತವೆ. ಎರಡು ಮಕ್ಕಳಾಗಿ ಸಂತಾನಶಕ್ತಿಹರಣದ ಆಪರೇಷನ್ ಆದ ಮೇಲೂ ನೋವು ನಿಲ್ಲದಿದ್ದರೆ ಕೊನೆಯ ಸಲಹೆ ಒಂದೇ: ಗರ್ಭಕೋಶ ತೆಗೆಸಿಬಿಡಿ.

ಈ ಸಲಹೆಯ ದುರುಪಯೋಗಕ್ಕೆ ಕರ್ನಾಟಕದಲ್ಲಿಯೇ ಕಹಿ ಉದಾಹರಣೆಯಿದೆ. ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳ ಮತ್ತು ದಲಿತ ಕೇರಿಗಳ ಮಹಿಳೆಯರು ಕೆಲವು ಖಾಸಗಿ ಆಸ್ಪತ್ರೆಗಳಲ್ಲಿ ಹೊಟ್ಟೆನೋವು, ಬಿಳಿಸೆರಗು ಮೊದಲಾದ ದೂರುಗಳಿಗೆ ಗರ್ಭಕೋಶ ಕಳೆದುಕೊಂಡ ಸಂಗತಿ 2015ರಲ್ಲಿ ಹೋರಾಟವಾಗಿ ಹೊರಬಂತು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಅಳವಡಿಸಿಕೊಳ್ಳಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಆದೇಶಿಸಿತು. ಆಳದ ಎಂಡೊಮೆಟ್ರಿಯೋಸಿಸ್ ಈ ಚರ್ಚೆಯಲ್ಲಿ ಹೆಸರಿಲ್ಲದೆ ಕೂತಿರುವ ರೋಗ. ಗರ್ಭಕೋಶದ ಸ್ನಾಯುವಿನೊಳಗೇ ಒಳಪೊರೆ ಬೆಳೆಯುವ ಅಡಿನೋಮಯೋಸಿಸ್ ಜೊತೆಗಿದ್ದವರಿಗೆ ಗರ್ಭಕೋಶ ತೆಗೆದದ್ದರಿಂದ ಅಷ್ಟರಮಟ್ಟಿಗೆ ಉಪಕಾರವಾಗುತ್ತದೆ, ನಿಜ. ಆದರೆ ಆಳದ ಗಂಟು ಇರುವುದು ಗರ್ಭಕೋಶದ ಹೊರಗೆ. ಕೊರಳಿನ ಹಿಂದೆ ಅಂಟಿಕೊಂಡ ಗುದನಾಳಕ್ಕೆ ಗಾಯವಾದೀತೆಂದು ಹೆದರಿ ಕೊರಳನ್ನೂ ಗಂಟನ್ನೂ ಅಲ್ಲಿಯೇ ಬಿಟ್ಟು ಮೇಲಿನ ಭಾಗವನ್ನಷ್ಟೇ ಕತ್ತರಿಸಿ ತಂದರೆ, ಮುಟ್ಟು ನಿಂತರೂ ಅಂಡಾಶಯದ ಹಾರ್ಮೋನು ಗಂಟನ್ನು ಪೋಷಿಸುತ್ತಲೇ ಇರುತ್ತದೆ. ಅಂಡಾಶಯಗಳನ್ನೂ ತೆಗೆದರೆ ಮೂವತ್ತು ಮೂವತ್ತೈದರ ಹರೆಯದಲ್ಲಿ ಮೂಳೆ ಸವೆಯತೊಡಗುತ್ತದೆ, ಹೃದ್ರೋಗದ ಸಾಧ್ಯತೆ ಏರುತ್ತದೆ. ಕೂಲಿ ಮಾಡಿ ಬದುಕುವವರಿಗೆ ಇದರ ಬೆಲೆ ಇನ್ನೂ ದುಬಾರಿ.

ಭಾರತೀಯ ಮಹಿಳೆಯರಲ್ಲಿ ಈ ರೋಗದ ಸ್ವರೂಪ ಮತ್ತು ವಂಶವಾಹಿ ಹಿನ್ನೆಲೆಯನ್ನು ಅರಿಯಲು ಮುಂಬಯಿಯಲ್ಲಿರುವ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಂತಾನೋತ್ಪತ್ತಿ ಮತ್ತು ಮಕ್ಕಳ ಆರೋಗ್ಯ ಸಂಶೋಧನಾ ಸಂಸ್ಥೆ ಬಹುಕೇಂದ್ರ ಅಧ್ಯಯನವೊಂದನ್ನು ಕೈಗೊಂಡಿದೆ. ಅಂಥ ಅಧ್ಯಯನಗಳಿಗೂ, ಒಬ್ಬಳೇ ರೋಗಿಯ ಮುಂದಿನ ಚಿಕಿತ್ಸೆಗೂ ಆಧಾರವಾಗುವುದು ಡಬ್ಬಿಯ ಜೊತೆ ಹೋಗುವ ಕೋರಿಕೆ ಪತ್ರ. ಮುಟ್ಟಿನ ಯಾವ ದಿನ ಶಸ್ತ್ರಚಿಕಿತ್ಸೆ ಆಯಿತು, ಯಾವ ಮಾತ್ರೆ ಎಷ್ಟು ತಿಂಗಳಿಂದ ನಡೆಯುತ್ತಿದೆ, ಯಾವ ತುಂಡು ಯಾವ ಜಾಗದ್ದು ಎಂಬುದನ್ನು ಬರೆಯದೆ ‘ಗಂಟು, ಪರೀಕ್ಷೆಗೆ’ ಎಂದಷ್ಟೇ ಗೀಚಿ ಕಳಿಸಿದರೆ, ಅತ್ತಲಿಂದ ‘ಎಂಡೊಮೆಟ್ರಿಯೋಸಿಸ್ ಕಂಡುಬಂದಿದೆ’ ಎಂಬ ಒಂದು ಸಾಲಿನ ವರದಿ ಬಂದರೆ ಅಚ್ಚರಿಯಿಲ್ಲ. ಇಳಿದ ಆಳ, ಕರುಳಿನ ಯಾವ ಪದರ, ಅಂಚಿನ ಸ್ಥಿತಿ, ಕೋಶಗಳಲ್ಲಿ ಅಸಹಜತೆ ಇದೆಯೇ ಇಲ್ಲವೇ ಎಂಬ ವಿವರಗಳಿರುವ ವರದಿಯಷ್ಟೇ ಮುಂದೆ ಉಪಯೋಗಕ್ಕೆ ಬರುತ್ತದೆ. ಶಸ್ತ್ರಚಿಕಿತ್ಸೆಯ ಬಳಿಕ ಹಾರ್ಮೋನು ಚಿಕಿತ್ಸೆ ಮುಂದುವರಿಸಿದರೆ ರೋಗ ಮರುಕಳಿಸುವುದು ತಗ್ಗುತ್ತದೆಯಾದರೂ ಪೂರ್ತಿ ನಿಲ್ಲುವುದಿಲ್ಲ. ಎಷ್ಟೋ ವರ್ಷಗಳ ಮೇಲೆ ನೋವು ಮರಳಿ ಬಂದ ಮಹಿಳೆಯ ಹಳೆಯ ಮೇಣದ ಅಚ್ಚು ಪ್ರಯೋಗಾಲಯದ ಕಪಾಟಿನಲ್ಲಿ ಉಳಿದಿದ್ದರೆ, ಅದರಿಂದ ಇನ್ನೊಂದು ಪದರ ಹೆರೆದು, ಹೊಸದಾಗಿ ತೆಗೆದ ಗಂಟಿನ ಪಕ್ಕದಲ್ಲಿಟ್ಟು ನೋಡಬಹುದು.